ಒಂದೂವರೆ ಓಮ್ ಕಾಯಿಲ್

ರಿಸೆಶನ್ ಮುಗಿಯಿತು ಎಂದು ಟಿವಿಯವರು ಘೋಷಿಸಿ ಎರಡು ವರ್ಷವಾಗಿತ್ತು. ನಮ್ಮ ಮನೆಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ರಾಚೆಸ್ಟರ್ ಹಿಲ್ಸ್‌ನ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಕಾರಿನ ಸೀಟ್ ಹೀಟರ್ ತಂತಿಗಳನ್ನು ಟೆಸ್ಟ್ ಮಾಡಿದ ಎಂಜಿನಿಯರ್ ಭಾನು, ಅಂದರೆ ನಾನು, ಲೇಆಫ್ ಆದ ಮೇಲೆ ಕ್ಯಾಂಟನ್‌ನ ಸ್ಟ್ರಿಪ್ ಮಾಲ್ ಎಂಬ ಅಂಗಡಿಸಾಲೊಂದರಲ್ಲಿ ಇ-ಸಿಗರೇಟ್ ಮಾರುತ್ತಿದ್ದೆ. ನನ್ನ ಗಂಡ ಶ್ರೀಹರಿ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ "ಭಾನು ಕನ್ಸಲ್ಟಿಂಗ್ ಮಾಡ್ತಿದಾಳೆ" ಎನ್ನುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ನಮ್ಮವರಿಗೆ.

ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಗೆ ಪದ್ಮನಾಭ ಅಂಕಲ್ ಬಂದರು. ಹತ್ತಿರದ ನೋವೈ ಊರಿನವರು, ಬೇರೊಂದು ಸೀಟ್ ಕಂಪನಿಯಲ್ಲಿ ದೊಡ್ಡ ಮ್ಯಾನೇಜರ್. ನಮ್ಮ ಯಾವ ಸಮಾರಂಭಕ್ಕೂ ದೀಪ ಹಚ್ಚುವವರು ಅವರೇ. ಕೌಂಟರಿನ ಹಿಂದೆ ನನ್ನನ್ನು ಕಂಡವರು ಹಾಗೇ ಹಿಂದಿರುಗಲು ನೋಡಿದರು. ಆದರೆ ಕಣ್ಣಿಗೆ ಕಣ್ಣು ಸೇರಿಯಾಗಿತ್ತು.

"ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ. ಆಯ್ತಾಮ್ಮ?"

"ಆಯ್ತು ಅಂಕಲ್. ಏನು ಬೇಕಿತ್ತು?"

ಸಿಗರೇಟ್ ಬಿಡಿ ಎಂದು ಡಾಕ್ಟರ್ ಹೇಳಿದ್ದರಂತೆ. ಅವರು ಸೇದುತ್ತಾರೆ ಎನ್ನುವುದೇ ಹೆಂಡತಿ ಪದ್ಮ ಆಂಟಿಗೆ ಗೊತ್ತಿಲ್ಲ. ಇಂಟರ್ನೆಟ್‌ನಲ್ಲಿ ತರಿಸಿದ ಇ-ಸಿಗರೇಟ್ ಎಳೆದರೆ ಬರೀ ಸುಟ್ಟ ವಾಸನೆ. ತೆಗೆದು ನೋಡಿದೆ. ಒಳಗಿದ್ದದ್ದು ಒಂದೂವರೆ ಓಮ್‌ನ ಕಾಯಿಲ್, ಅಂದರೆ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಯ ಸುರುಳಿ. ವೋಲ್ಟೇಜನ್ನು ಐದಕ್ಕೆ ಏರಿಸಿಟ್ಟಿದ್ದರು.

"ಜಾಸ್ತಿ ಇಟ್ರೆ ಸ್ಟ್ರಾಂಗ್ ಆಗತ್ತೆ ಅಂದ್ಕೊಂಡೆ."

"ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯ್ತು ಅಂಕಲ್!"

ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಚಾಳಿ, ರಸೀದಿಯ ಹಿಂಭಾಗದಲ್ಲಿ ಬರೆದು ತೋರಿಸಿದೆ. ಐದನ್ನು ಐದರಿಂದ ಗುಣಿಸಿ ಒಂದೂವರೆಯಿಂದ ಭಾಗಿಸಿದರೆ ಹದಿನಾರೂವರೆ ವಾಟ್ ದಾಟುತ್ತದೆ. ಬತ್ತಿ ದ್ರವವನ್ನು ಎಳೆದುಕೊಳ್ಳುವ ಮೊದಲೇ ಆ ಕಾವಿಗೆ ಎಲ್ಲ ಒಣಗಿ ಬತ್ತಿಯೇ ಸುಡುತ್ತದೆ. ವೋಲ್ಟೇಜನ್ನು ಮೂರು ಪಾಯಿಂಟ್ ಏಳಕ್ಕೆ ಇಳಿಸಿದರೆ ಒಂಬತ್ತು ವಾಟ್, ಧಾರಾಳವಾಯಿತು. ಐದೇ ಬೇಕೆಂಬ ಹಟವಿದ್ದರೆ ಎರಡೂವರೆ ಓಮ್‌ನ ಕಾಯಿಲ್ ಹಾಕಬೇಕು. ತಂತಿಯ ತಡೆ ಹೆಚ್ಚಿದಷ್ಟೂ ಅದು ವೋಲ್ಟೇಜ್ ತಾಳಿಕೊಳ್ಳುತ್ತದೆ.

ಅಂಕಲ್ ರಸೀದಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಇಷ್ಟು ನೀಟಾಗಿ ನನ್ನ ಟೀಮಲ್ಲಿ ಒಬ್ರೂ ಹೇಳಲ್ಲ ಕಣಮ್ಮ. ನಮ್ಮಲ್ಲಿ ಹೀಟರ್ ಎಂಜಿನಿಯರ್ ಪೊಸಿಷನ್ ಓಪನ್ ಇದೆ. ಅಪ್ಲೈ ಮಾಡು."

ಅವತ್ತೇ ಅಪ್ಲೈ ಮಾಡಿದೆ. ಇಂಟರ್‌ವ್ಯೂಗೆ ಕರೆ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ. ಅಷ್ಟು ಬೇಕಾಗಿತ್ತು ನನಗೆ ಆ ಕೆಲಸ. ಇಂಟರ್‌ವ್ಯೂನ ಹಿಂದಿನ ದಿನ ಅಂಕಲ್ ಫೋನ್ ಮಾಡಿದರು.

"ಅಂಗಡಿ ವಿಷಯ ಎತ್ತಬೇಡ. ಕನ್ಸಲ್ಟಿಂಗ್ ಅಂತಾನೇ ಅನ್ನು. ಆಮೇಲೆ ನನಗೆ ನೀನು ಹೇಗೆ ಪರಿಚಯ ಅಂತ ಕೇಳ್ತಾರೆ, ಕಷ್ಟ ಆಗತ್ತೆ."

ಮೇಜಿನ ಆಚೆ ಮೂವರಿದ್ದರು, ನಡುವೆ ಅಂಕಲ್. ಅಲ್ಲಿ ಎಲ್ಲರಿಗೂ ಅವರು ಪ್ಯಾಡಿ. ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಉತ್ತರಿಸಿದೆ. ಕೊನೆಗೆ ಪ್ಯಾಡಿಯೇ ಇಂಗ್ಲಿಷಿನಲ್ಲಿ ಕೇಳಿದರು, ಕಳೆದ ಎರಡು ವರ್ಷದಲ್ಲಿ ನಿಮ್ಮ ಕೈಯಾರೆ ಏನು ಟೆಸ್ಟ್ ಮಾಡಿದ್ದೀರಿ ಎಂದು. ನಾನು ಅವರ ಮುಖ ನೋಡಿದೆ. ಅವರು ನನ್ನ ರೆಸ್ಯೂಮೆ ನೋಡುತ್ತಿದ್ದರು. ದಿನಕ್ಕೆ ನಲವತ್ತು ಕಾಯಿಲ್ ಅಳೆಯುತ್ತೇನೆ, ಯಾವುದು ಎಷ್ಟು ಕಾವಿಗೆ ಸುಡುತ್ತದೆಂದು ಮೂಸಿಯೇ ಹೇಳಬಲ್ಲೆ ಎನ್ನಬೇಕಿತ್ತು. "ಕನ್ಸಲ್ಟಿಂಗ್" ಎಂದೆ. ಯಾವ ಕಂಪನಿಗೆ ಎಂದರು ಪಕ್ಕದವರು. ಹೇಳುವ ಹಾಗಿಲ್ಲ ಎಂದೆ.

ಮೂರು ದಿನಕ್ಕೆ ಎಚ್‌ಆರ್‌ನ ಹೆಂಗಸು ಫೋನ್ ಮಾಡಿದಳು. ಎಲ್ಲರಿಗೂ ನೀವು ಇಷ್ಟವಾದಿರಿ, ಪ್ಯಾಡಿಗೆ ಮಾತ್ರ ನಿಮಗೆ ಇತ್ತೀಚಿನ ಹ್ಯಾಂಡ್ಸ್-ಆನ್ ಅನುಭವ ಇಲ್ಲ ಅನ್ನಿಸಿತು, ಕ್ಷಮಿಸಿ ಎಂದಳು. ಶ್ರೀಹರಿಗೆ ಹೇಳಿದೆ.

"ಹೋಗ್ಲಿ ಬಿಡು. ಅಂಗಡಿ ವಿಷಯ ಹೊರಗೆ ಬರ್ಲಿಲ್ವಲ್ಲ."



ಒಂದೂವರೆ ತಿಂಗಳು ಕಳೆದ ಮೇಲೆ ಅಂಕಲ್ ಮತ್ತೆ ಬಂದರು. ಏನೂ ಆಗಿಯೇ ಇಲ್ಲವೆಂಬಂತೆ ಇ-ಸಿಗರೇಟನ್ನು ಕೌಂಟರಿನ ಮೇಲಿಟ್ಟರು.

"ಮತ್ತೆ ಸುಟ್ಟ ವಾಸನೆ ಕಣಮ್ಮ. ಆವಿ ಸಾಲ್ದು ಅನ್ನಿಸ್ತು. ನಿನ್ನ ಚೀಟಿ ಎಲ್ಲೋ ಕಳೆದುಹೋಯ್ತು. ನಮ್ಮಲ್ಲಿ ಹೊಸ ಹೀಟರ್ ಎಂಜಿನಿಯರ್ ಸೇರಿದಾನಲ್ಲ, ಬೇರೆ ಯಾರಿಗೋ ಬೇಕು ಅನ್ನೋ ಹಾಗೆ ಅವನನ್ನ ಕೇಳ್ದೆ. ವೋಲ್ಟೇಜ್ ಏರಿಸಿ ನೋಡಿ ಅಂದ."

ನನಗೆ ಮೈಯೆಲ್ಲ ಉರಿದುಹೋಯಿತು.

"ಅವತ್ತು ನನ್ನ ಪರವಾಗಿ ನೀವು ಒಂದು ಮಾತು ಹೇಳಬಹುದಿತ್ತು ಅಂಕಲ್."

"ಎಲ್ಲಿ ನೋಡಿದೀನಿ ಅಂತ ಹೇಳ್ಲಿ? ನಿನ್ನ ಮರ್ಯಾದೆನೂ ಹೋಗ್ತಿರ್ಲಿಲ್ವಾ? ಇರ್ಲಿ, ಇದನ್ನ ಸ್ವಲ್ಪ ನೋಡು."

"ನನಗೇನು ಗೊತ್ತಾಗತ್ತೆ ಅಂಕಲ್? ನನಗೆ ಹ್ಯಾಂಡ್ಸ್-ಆನ್ ಅನುಭವ ಇಲ್ವಲ್ಲ."

ಒಂದೂವರೆ ತಿಂಗಳಿಂದ ಈ ಮಾತನ್ನು ಒಳಗೇ ಕುದಿಸಿಟ್ಟುಕೊಂಡಿದ್ದೆ. ಅವರ ಮುಖ ಕಪ್ಪಿಡುವುದನ್ನು ನೋಡಬೇಕೆಂದು ತಲೆ ಎತ್ತಿದೆ. ಅವರು ನನ್ನ ಮಾತು ಕೇಳಿಸಿಕೊಂಡೇ ಇರಲಿಲ್ಲ. ನೆಮ್ಮದಿಯಿಂದ ನನ್ನ ಕೈಗಳನ್ನೇ ನೋಡುತ್ತಿದ್ದರು. ಆ ದರಿದ್ರ ಕೈಗಳು ನನ್ನನ್ನು ಕೇಳದೆಯೇ ಸುಟ್ಟ ಕಾಯಿಲ್ ಬಿಚ್ಚಿ, ಹೊಸದರ ಓಮ್ ಅಳೆದು, ವೋಲ್ಟೇಜನ್ನು ಮೂರು ಪಾಯಿಂಟ್ ಏಳಕ್ಕೆ ಇಳಿಸಿಬಿಟ್ಟಿದ್ದವು.