ಹೊಸ ಒಡಪು

ಬಸುರಿ ನಾದಿನಿಯ ಕುಬಸದ ಶಾಸ್ತ್ರಕ್ಕೆಂದು ಬೆಳವಣಕಿ ಊರಿಗೆ ಬಂದಾಗಿನಿಂದ ಉಮಾಳಿಗೆ ಒಂದೇ ಅಂಜಿಕೆ. ತನಗೆ ಆಟಿಸಂ ಇರಬಹುದೇ ಎಂಬ ಗುಮಾನಿ ಮೊಬೈಲಿನಲ್ಲಿ ಓದಿದಷ್ಟೂ ಬಲವಾಗಿತ್ತು. ಮಂದಿಗೆ ಗೊತ್ತಾದರೆ ತನ್ನ ಗತಿಯೇನು?

ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳಲು ಆಕೆ ಕಲಿತದ್ದು ಒಂದೇ ಒಡಪು. ಇಂದೂ ಅದನ್ನೇ ಹೇಳಿದಳು.

"ಮದಿವಿಯಾದಾಗಿಂದ ಅದ ಒಡಪ ಹೇಳ್ತೀಯಲ್ಲಬೇ! ಹೊಸಾದು ಹೇಳು!" ಎಂದು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಆ ಸದ್ದು ತಾಳದೆ ಉಮಾ ಕಿವಿ ಮುಚ್ಚಿಕೊಂಡಳು.

"ಆಕಿಗೆ ನಾಚ್ಕಿ ಭಾಳರೀ," ಎಂದು ಅತ್ತೆ ಕಳಕವ್ವ ನಕ್ಕಳು. ಆಮೇಲೆ ಅಡುಗೆಮನೆಗೆ ಕರೆದೊಯ್ದು ಕೇಳಿದಳು: "ಖರೇ ಹೇಳು, ಏನಾಗೇತಿ ನಿನಗ?"

ನಾಚಿಕೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಉಮಾ ಬಾಗಿಲು ಮುಂದೆ ಮಾಡಿದಳು.

"ನಾಚ್ಕಿ ಅಲ್ರಿ ಅತ್ತಿ," ಎಂದು ಮೊಬೈಲಿನಲ್ಲಿ ಆಟಿಸಂ ಬಗ್ಗೆ ಓದಿದ್ದನ್ನು ತೆರೆದು ಅತ್ತೆಯ ಮುಂದೆ ಹಿಡಿದಳು.