ತಲೆಯಾಡಿಸುವ ದೀಪ

ಹಸಿರು, ಅಚ್ಚ ಹಸಿರು, ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಕೇಬಲ್ ಸಿಕ್ಕಿಸಿದ ಎಡತುದಿಯ ಪೋರ್ಟಿನ ದೀಪ ಕಣ್ಣು ಕೂಡ ಮಿಟುಕಿಸದೆ ಉರಿಯುತ್ತಿದೆ, ಒಳಗೆ ಒಂದಕ್ಷರ ಹರಿಯುತ್ತಿಲ್ಲ, ಪಕ್ಕದ ಪರದೆ ಸೊನ್ನೆ ತೋರಿಸುತ್ತಿದೆ, ದೀಪ ಮಾತ್ರ ಎಲ್ಲ ಸುಸೂತ್ರ ಅನ್ನುತ್ತಿದೆ — ಇದರ ಧೈರ್ಯ ನೋಡು, ಅಂದುಕೊಂಡಳು ಅವಳು, ಆಸ್ಪತ್ರೆಯ ಸರ್ವರ್ ಕೋಣೆಯ ತಣ್ಣನೆ ಗಾಳಿಗೆ ಸ್ವೆಟರಿನ ತೋಳು ಎಳೆದುಕೊಳ್ಳುತ್ತ, ಕೈಯಲ್ಲಿ ಫೋನು, ಫೋನಿನಲ್ಲಿ ಎರಡು ಮುಖ, ಒಂದು ಮ್ಯಾನೇಜರದು, ಇನ್ನೊಂದು ಸ್ವಿಚ್ ಮಾರಿದ ಕಂಪನಿಯವನದು, ಇಬ್ಬರದೂ ಒಂದೇ ರಾಗ. ನಾಳೆಯಿಂದ ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಈ ಹೊಸ ಸ್ವಿಚ್ ದಾಟಿಯೇ ಆಪರೇಷನ್ ಕೋಣೆಗೆ ಹೋಗಬೇಕು, ಇಂಜಿನಿಯರ್ ಆದ ಅವಳು ಹೂಂ ಅಂದರೆ ಮುಗಿಯಿತು. ಮೇಡಂ, ಅನ್ನುತ್ತಾನೆ ಕಂಪನಿಯವನು, ಅದು ಗೊತ್ತಿರೋ ದೋಷ, ಸ್ವಿಚ್ ಜೊತೆ ಕೊಟ್ಟ ಟಿಪ್ಪಣಿಯಲ್ಲೇ ಬರೆದಿದೀವಿ, ಕೇಬಲ್ ಅಲುಗಿದ್ರೆ ಪೋರ್ಟು ಕೆಲಸ ನಿಲ್ಲಿಸುತ್ತೆ, ದೀಪ ಉರೀತಾನೇ ಇರುತ್ತೆ, ನೀವು ಬಂದು ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ. ಗೊತ್ತಿರೋ ದೋಷ. ಎಷ್ಟು ಹಾಯಾಗಿ ಅಂದುಬಿಟ್ಟ, ಗೊತ್ತಿದ್ದ ಮೇಲೆ ಮಾಫಿಯೂ ಆದ ಹಾಗೆ. ಇದು ಕೈಕೊಟ್ರೆ ಚಿತ್ರ ಹೋಗೋಕೆ ಎರಡನೇ ದಾರಿ ಇದೆಯಲ್ಲಮ್ಮ, ಅನ್ನುತ್ತಾರೆ ಮ್ಯಾನೇಜರು, ಇದೆ ಸಾರ್, ಆದ್ರೆ ಈ ದಾರಿ ಮುಚ್ಚಿದೆ ಅಂತ ಗೊತ್ತಾದ್ರೆ ತಾನೇ ಸರ್ವರ್ ಆ ದಾರಿ ಹಿಡಿಯೋದು, ಇದು ಸತ್ತು ಕೂತು ಬದುಕಿದೀನಿ ಅಂತಿದೆ, ಸರ್ವರ್ ನಂಬಿಕೊಂಡು ಕಾಯ್ತಿದೆ —

ನಂಬಿಕೊಂಡು ಕಾಯುವುದು, ಹೊಸ್ತಿಲಲ್ಲಿ ಕೂತು ಕಾಯುವುದು, ಅಪ್ಪನ ಬಲಗಡೆ ಬಂದು ಮಾತಾಡೇ ಮೊಂಡಿ, ಅನ್ನುತ್ತಿದ್ದಳು ಅಮ್ಮ ಅವಳಿಗೆ. ಅಪ್ಪನ ಎಡಗಿವಿ ಕೇಳುತ್ತಿರಲಿಲ್ಲ, ಮನೆಮಂದಿಗೆಲ್ಲ ಗೊತ್ತು, ಅಪ್ಪ ಮಾತ್ರ ಒಪ್ಪರು, ಕಿವಿಗೆ ಯಂತ್ರ ಸಿಕ್ಕಿಸಿಕೊಳ್ಳೋಕೆ ನಾನೇನು ಮುದುಕನಾ, ಎಡಗಡೆಯಿಂದ ಏನೇ ಹೇಳಲಿ, ಕೇಳಿಸಿದವರಂತೆ ಗಂಭೀರವಾಗಿ ತಲೆಯಾಡಿಸುವರು. ಯಾಕೆ ಜಗಳ ಎಂದು ಅಮ್ಮ ಇಡೀ ಮನೆಯನ್ನೇ ತಿರುಗಿಸಿಟ್ಟಳು, ಕುರ್ಚಿ ಈ ಗೋಡೆಗೆ, ಮಂಚ ಆ ಗೋಡೆಗೆ, ಊಟಕ್ಕೆ ಕೂತರೂ ಬೀದಿಯಲ್ಲಿ ನಡೆದರೂ ಅಪ್ಪನ ಬಲಕ್ಕೆ ಅಮ್ಮ, ಫೋಟೋದಲ್ಲೂ ಬಲಕ್ಕೇ. ಅತ್ತಿಗೆ, ಬೈಬೇಕು ಅನ್ಸಿದಾಗ ಎಡಕ್ಕೆ ಹೋಗಿ ಬೈದ್ಬಿಡಿ, ಅಣ್ಣ ಹೌದೌದು ಅಂತಾನೆ, ಎಂದು ಚಿಕ್ಕಪ್ಪ ನಗಿಸುತ್ತಿದ್ದ, ಎಷ್ಟು ಚಂದ ಒಗ್ಗಿಹೋಗಿತ್ತು ಆ ಉಪಾಯ, ದೋಷವೇ ಇಲ್ಲವೇನೋ ಅನ್ನುವಷ್ಟು. ಆ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಿಡಿದು ಅಮ್ಮ, ಎದೆ ಒತ್ತುತ್ತಿದೆ ರೀ, ಡಾಕ್ಟರನ್ನ ಕರೀರಿ, ಅಂದದ್ದು ಎಡಗಡೆಯಿಂದ, ಸುತ್ತಿ ಬಲಕ್ಕೆ ಬರುವಷ್ಟು ಕಾಲಲ್ಲಿ ಕಸುವಿರಲಿಲ್ಲ, ಅಪ್ಪ ಪೇಪರಿನಿಂದ ಕಣ್ಣೆತ್ತದೆ ತಲೆಯಾಡಿಸಿದರು, ಅಮ್ಮ ನಂಬಿ ಹೊಸ್ತಿಲಲ್ಲಿ ಕೂತಳು. ಕಾಲೇಜಿನಿಂದ ಬಂದ ಮಗಳಿಗೆ ಹೇಳಿದ್ದು ಅದೊಂದೇ, ಗಾಬರಿಯಾಗ್ಬೇಡ ಮೊಂಡಿ, ಅಪ್ಪನಿಗೆ ಆಗಲೇ ಹೇಳಿದೀನಿ, ತಲೆಯಾಡಿಸಿದ್ರು, ಇನ್ನೇನು ಡಾಕ್ಟರು ಬರ್ತಾರೆ. ಅಷ್ಟೇ. ಅಮ್ಮನ ಕೊನೆಯ ಮಾತು ಅದೇ.

ಮೇಡಂ, ಕೇಳಿಸ್ತಿದೆಯಾ. ಕೇಳಿಸ್ತಿದೆ, ಎರಡೂ ಕಿವಿಗೆ. ಮತ್ತೆ ಹೂಂ ಅನ್ನಿ. ಅನ್ನಲ್ಲ. ನೋಡಮ್ಮ, ಹಟ ಮಾಡಬೇಡ, ನೀನು ಹೂಂ ಅನ್ನದಿದ್ರೆ ನಿನ್ನ ಜಾಗಕ್ಕೆ ಬಂದವರು ಹೂಂ ಅಂತಾರೆ. ಬರಲಿ ಸಾರ್, ಧಾರಾಳವಾಗಿ ಬರಲಿ, ನಾನಿರೋವರೆಗೆ ಹಳೇ ಸ್ವಿಚ್ಚೇ ನಡೀಲಿ, ಸತ್ತರೆ ಸತ್ತೆ ಅಂತ ಹೇಳೋ ಮರ್ಯಾದೆನಾದ್ರೂ ಅದಕ್ಕಿದೆ. ಕಂಪನಿಯವನು ಫಕ್ಕನೆ ನಕ್ಕ, ಮ್ಯಾನೇಜರು ನಗಲಿಲ್ಲ. ಎಷ್ಟು ವರ್ಷ ಬಲಕ್ಕೆ ಓಡಾಡುವುದು, ಯಾರ್ಯಾರು, ಆಪರೇಷನ್ ಮೇಜಿನ ಮೇಲೆ ಮಲಗಿದವರು ಎದ್ದು ಬಂದು ಆಫ್ ಮಾಡಿ ಆನ್ ಮಾಡುತ್ತಾರೆಯೇ — ಒಂದ್ನಿಮಿಷ ಸಾರ್, ಅಂದಳು, ಎಡತುದಿಯ ಕೇಬಲನ್ನು ಹಿಡಿದು ಪೂರ್ತಿ ಕಿತ್ತಳು, ಕಿತ್ತ ತುದಿಯನ್ನೂ ಬರಿದಾದ ಪೋರ್ಟನ್ನೂ ಫೋನಿನ ಮುಂದೆ ಹಿಡಿದಳು, ಈಗ ನೋಡಿ, ಇಬ್ಬರೂ ನೋಡಿ, ನೋಡ್ಕೊಂಡು ನೀವೇ ಹೂಂ ಅನ್ನಿ. ಕೇಬಲ್ಲಿಲ್ಲ, ಆಚೆಗೆ ಯಾರೂ ಇಲ್ಲ, ಖಾಲಿ ತೂತಿನ ಮೇಲೆ ಹಸಿರು, ಮಿಟುಕದ ಹಸಿರು, ಪೇಪರಿನ ಮೇಲೆ ಬಾಗಿದ ಅಪ್ಪನ ತಲೆ, ಮೇಲೆ, ಕೆಳಗೆ, ಹೊಸ್ತಿಲಲ್ಲಿ ಅಮ್ಮ, ಹಸಿರು, ಮೇಲೆ, ಕೆಳಗೆ, ಆ ತಲೆ