ಇನ್ನೂರಕ್ಕ

ಪೇಂಟರ್ ಬರೆಯುವಾಗ ಅಲುಗಾಡದಿರಲೆಂದು ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದವನು ತಮ್ಮ. ತೀರಿಕೊಂಡ ಅಕ್ಕನ ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು ಎಲ್ಲ ಬರೆದಾಗಿತ್ತು. ಪೇಂಟರ್ ಕುಂಚ ಒರೆಸಲು ಹೊರಟಾಗ ಮೂಲೆ ಅಂಗಡಿಯವನು ತಡೆದ.

"ಇಷ್ಟೇ ಬರೆದ್ರೆ ಯಾರಿಗ್ರೀ ಗೊತ್ತಾಗತ್ತೆ? ಅವರನ್ನ ಆ ಹೆಸರು ಹಿಡಿದು ಕರೆದೋರು ಯಾರಿದ್ದಾರೆ? ಕೆಳಗೆ 'ಇನ್ನೂರಕ್ಕ' ಅಂತ ಹಾಕಿ."

ಸುತ್ತ ನಿಂತಿದ್ದ ಮೂರ್ನಾಲ್ಕು ಜನ ಸಾವಿನ ಮನೆ ಎಂಬುದನ್ನೂ ಮರೆತು ನಕ್ಕರು. ಮರುಕ್ಷಣ ನಾಲಿಗೆ ಕಚ್ಚಿಕೊಂಡರು.

"ಏನಪ್ಪಾ, ಹಾಕಲಾ?" ಪೇಂಟರ್ ತಮ್ಮನನ್ನು ಕೇಳಿದ.

ಬೇಡ ಅನ್ನಲೆಂದೇ ತಮ್ಮ ಬಾಯಿ ತೆರೆದ. "ಹೂಂ" ಅಂದ.

ಬೆಳಗಿನ ಬಸ್ಸಿಗೆ ಬಂದಿದ್ದ ಅಕ್ಕನ ಮಗಳು ಬಾಗಿಲಲ್ಲಿ ನಿಂತು ಅದನ್ನು ಓದಿದಳು. "ಮಾವ, ಅಮ್ಮನಿಗೆ ಈ ಹೆಸರು ಯಾಕೆ ಬಂತು? ಕೇಳಿದಾಗೆಲ್ಲ ಮಾತು ತೇಲಿಸಿಬಿಡ್ತಿದ್ಲು."

ಉತ್ತರ ಕೊಟ್ಟವನು ಅಂಗಡಿಯವನು. "ಆಸೆ ಕಣಮ್ಮಾ, ಆಸೆ. ಅರವತ್ತು ಕೋಳಿಮರಿ ಸಾಕೋ ಕಡೆ ನಿಮ್ಮಮ್ಮ ಇನ್ನೂರು ತರಿಸಿದ್ರು. ಒಂದೇ ಮಧ್ಯಾಹ್ನಕ್ಕೆ ಬಹುಪಾಲು ಸತ್ತೋದ್ವು. ನಿನ್ನ ಮಾವನನ್ನೇ ಕೇಳು, ಈ ಕತೆ ಅವನಷ್ಟು ಚೆನ್ನಾಗಿ ಯಾರೂ ಹೇಳಲ್ಲ."

ತಮ್ಮ, ಹಸಿ ಬಣ್ಣದ ಹಲಗೆಯನ್ನು ನಿಲ್ಲಿಸಲೆಂದು ಎತ್ತಿಕೊಂಡು ಬೀದಿಯ ತುದಿಗೆ ನಡೆದುಬಿಟ್ಟ.

* * *

ಒಂದು ದಿನದ ಮರಿಗಳನ್ನು ತಂದು, ಎರಡು ತಿಂಗಳು ಸಾಕಿ, ಪುಕ್ಕ ಬಲಿತ ಮೇಲೆ ಮನೆಮನೆಗೆ ಮಾರುವುದು ಅಕ್ಕನ ಕಸುಬು. ಒಂದು ಸಲಕ್ಕೆ ಅರವತ್ತು. ಅರವತ್ತೊಂದನೆಯದನ್ನು ವ್ಯಾಪಾರಿ ಸುಮ್ಮನೆ ಕೊಟ್ಟರೂ ಅವನ ಬುಟ್ಟಿಗೇ ವಾಪಸ್ಸು ಹಾಕುತ್ತಿದ್ದಳು. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಅವಳ ಮನೆಗೆ ಬಂದು ಸೇರಿದ್ದ ತಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ.

"ಶೆಡ್ಡಲ್ಲಿ ಎಷ್ಟು ಜಾಗ ಇದೆ ನೋಡಕ್ಕ. ಇನ್ನೂರು ಹಿಡಿಯತ್ತೆ."

"ಶೆಡ್ಡು ಹಿಡಿಯತ್ತೆ ಕಣೋ, ನಾನು ಹಿಡಿಯಲ್ಲ. ಬೆಳಿಗ್ಗೆ ಒಂದೊಂದರ ಮುಖಾನೂ ನೋಡ್ಬೇಕು. ಯಾವುದು ತೂಕಡಿಸ್ತಿದೆ, ಯಾವುದು ನೀರು ಮುಟ್ಟಿಲ್ಲ, ಗೊತ್ತಾಗ್ಬೇಕು. ಅರವತ್ತು ಮುಗಿಯೋ ಹೊತ್ತಿಗೆ ನನ್ನ ಕಾಫಿ ಆರಿ ತಣ್ಣಗಾಗಿರತ್ತೆ. ಸಾಕು."

ಹನ್ನೊಂದು ವರ್ಷದ ಹಿಂದೆ, ಮಗಳ ಹೆರಿಗೆಗೆಂದು ಅವಳು ಹತ್ತು ದಿನ ಹೋದಳು. ಶೆಡ್ಡು ಖಾಲಿಯಿತ್ತು. ತಾನು ಅನ್ನಕ್ಕೆ ದಂಡವಲ್ಲ ಎಂದು ತೋರಿಸಬೇಕಿತ್ತು ತಮ್ಮನಿಗೆ. ಅವಳು ಹೋದ ಆರನೆಯ ದಿನ, ಅಕ್ಕ ಹೇಳಿದ್ದಾಳೆ ಎಂದು ವ್ಯಾಪಾರಿಗೆ ಸುಳ್ಳು ಹೇಳಿ ಇನ್ನೂರು ಮರಿ ತಂದ. ಮರಿಗಳಿಗೆ ಬಿಸಿ ತಾಗಲೆಂದು ಬಲ್ಬು ಇಳಿಬಿಟ್ಟ, ಮರದ ಹೊಟ್ಟು ಹರಡಿದ. ನಾಲ್ಕು ದಿನ ಎಲ್ಲ ಚೆನ್ನಾಗಿಯೇ ಇತ್ತು.

ಮರಿ ಬಂದ ಐದನೆಯ ದಿನ ಬೆಳಗಿನಿಂದ ಸೋನೆ, ಥಂಡಿ ಗಾಳಿ. ಬೀದಿಯ ಕಟಿಂಗ್ ಶಾಪಿನಲ್ಲಿ ತಮ್ಮ ಕೂತು, ಇನ್ನೂರು ಮರಿ ಸಾಕುವುದು ಹೇಗೆಂದು ಎರಡು ಗಂಟೆ ಕೊಚ್ಚಿಕೊಂಡ. ಅಲ್ಲಿ ಕರೆಂಟು ಹೋದದ್ದು ಅವನಿಗೂ ಕಂಡಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಇನ್ನೊಂದು ಟೀ ಕುಡಿದ.

ಹಿಂತಿರುಗಿದಾಗ ಶೆಡ್ಡಿನ ನೆಲವೆಲ್ಲ ಬರಿದಾಗಿತ್ತು. ಬಿಸುಪು ಹುಡುಕುತ್ತ ಮರಿಗಳು ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಹತ್ತಿದ್ದವು. ಮೇಲಿನವು ಇನ್ನೂ ಚಿಂಯ್‌ಗುಟ್ಟುತ್ತಿದ್ದವು. ಅವನು ಎರಡೂ ಕೈಯಲ್ಲಿ ಬಾಚಿ ಬಾಚಿ ತೆಗೆದ. ಅಡಿಯಲ್ಲಿದ್ದವು ಒದ್ದೆಯಾಗಿ ಚಪ್ಪಟೆಯಾಗಿದ್ದವು, ಇನ್ನೂ ಬೆಚ್ಚಗಿದ್ದವು.

ಅಕ್ಕಪಕ್ಕದವರು ಸೇರಿದರು. "ಇಷ್ಟೊಂದು ಯಾಕೆ ತಂದೆ ಮಾರಾಯಾ?" ಯಾರೋ ಕೇಳಿದರು.

"ಹೋಗೋವಾಗ ಅಕ್ಕ ತಂದಿಡು ಅಂದ್ಲು. ಬೇಡ ಅಂತ ಬಡ್ಕೊಂಡೆ. ಕೇಳ್ಬೇಕಲ್ಲ."

ಎಲ್ಲರೂ ಅವನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದ. ಅಕ್ಕ ಬಸ್ಸಿಳಿದು ಬಂದವಳು, ಚೀಲ ಹಿಡಿದು ನಿಂತಿದ್ದಳು. ಮರಿಗಳನ್ನು ನೋಡಿದಳು, ಅವನನ್ನು ನೋಡಿದಳು.

"ಹೌದು. ನಾನೇ ಹೇಳಿದ್ದೆ" ಅಂದಳು.

ಜನ ಚದುರಿದ ಮೇಲಾದರೂ ಬೈಯುತ್ತಾಳೆಂದು ಅವನು ಕಾದ. "ಕೈ ತೊಳ್ಕೊಂಡು ಊಟಕ್ಕೆ ಬಾ" ಅಂದಳು, ಅಷ್ಟೇ. ಅದರ ಸುದ್ದಿ ಮತ್ತೆಂದೂ ಎತ್ತಲಿಲ್ಲ. ಬೀದಿ ಅವಳಿಗೆ ಹೆಸರಿಟ್ಟಿತು. ಒಂದು ತಿಂಗಳಾದ ಮೇಲೆ, ಕಟಿಂಗ್ ಶಾಪಿನಲ್ಲಿ ಎಲ್ಲರೂ ಕೇಳಿದರೆಂದು ತಮ್ಮನೇ ಆ ಕತೆ ಹೇಳಿದ. ಅಕ್ಕನ ದನಿಯನ್ನು ಅಣಕಿಸಿಯೂ ತೋರಿಸಿದ. ಜನ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಎಷ್ಟು ಸಲ ಹೇಳಿದನೋ, ಅವನಿಗೇ ಲೆಕ್ಕವಿಲ್ಲ.

* * *

ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಮ್ಮ ಮಂಡಿಯೂರಿ ಬರಿಗೈಯಲ್ಲೇ ಎಳೆದು ಎಳೆದು ಹಾಕುತ್ತಿದ್ದ.

"ಒಳ್ಳೆ ಹೆಂಗಸು," ಅಂಗಡಿಯವನು ಹಿಂದಿನಿಂದ ಯಾರಿಗೋ ಹೇಳಿದ. "ಅದೊಂದು ಸಲ ಆಸೆಬುರುಕಿ ಆದ್ರು, ಅಷ್ಟೇ."

ತಮ್ಮ ಎದ್ದು ನಿಂತ. "ಅಕ್ಕ ತರಿಸಿದ್ದಲ್ಲ. ನಾನು ತಂದಿದ್ದು. ಅವಳಿಗೆ ಗೊತ್ತೇ ಇರ್ಲಿಲ್ಲ. ಕರೆಂಟು ಹೋದಾಗ ನಾನು ಟೀ ಕುಡೀತಾ ಕೂತಿದ್ದೆ."

ಕಟಿಂಗ್ ಶಾಪಿನವನು ಕಣ್ಣೊರೆಸಿಕೊಂಡು ಬಂದು ಅವನ ಹೆಗಲು ತಬ್ಬಿದ. "ನೋಡ್ರಪ್ಪಾ, ತಮ್ಮ ಅಂದ್ರೆ ಹೀಗಿರ್ಬೇಕು. ಹೋದವಳ ಮೇಲೆ ಒಂದು ಮಾತು ಬರ್ಬಾರದು ಅಂತ ತನ್ನ ತಲೆ ಮೇಲೆ ಎಳ್ಕೊಳ್ತಿದ್ದಾನೆ."

"ನಿಜಾನೇ ಹೇಳ್ತಿದ್ದೀನಿ!"

"ಆಯ್ತು, ನಿಜ, ನಿಜ. ಸಮಾಧಾನ ಮಾಡ್ಕೋ."

ಒಬ್ಬೊಬ್ಬರೇ ಬಂದು ಅವನ ಬೆನ್ನು ಸವರಿದರು. ಪ್ರತಿ ಕೈ ತಾಕಿದಾಗಲೂ ಅವನು ಕುಗ್ಗುತ್ತಿದ್ದ. ಕೊನೆಗೆ ಅಕ್ಕನ ಮಗಳು ಮಾತ್ರ ಉಳಿದಳು. ಅವಳು ಅವನನ್ನು ಮುಟ್ಟಲಿಲ್ಲ.

"ನನ್ನ ಹೆರಿಗೆ ಸಮಯ ಅದು, ಅಲ್ವಾ ಮಾವ?"

"ಹೂಂ."

"ನನ್ನ ಮಗೂನ ಎತ್ಕೊಂಡು ಅಮ್ಮ ಅಂದಿದ್ಲು, ಶೆಡ್ಡು ಖಾಲಿ ಬಿಟ್ಟಿದ್ದೀನಿ, ಈ ಸಲ ನನಗೆ ಇದೊಂದೇ ಮರಿ ಸಾಕು ಅಂತ."

ಅವಳು ಕೈ ಕೊಡವಿಕೊಂಡು ಗೇಟಿನ ಕಡೆ ನಡೆದಳು.

* * *

ಸಂಜೆ ಬಾಡಿಗೆ ಕುರ್ಚಿಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಮರಿ ವ್ಯಾಪಾರಿ ಹತ್ತಿರ ಬಂದ.

"ಸೋಮವಾರಕ್ಕೆ ಅಕ್ಕ ಮರಿ ಹೇಳಿದ್ರು. ಏನು ಮಾಡ್ಲಿ? ಬೇಡ ಅಂದ್ರೂ ಬೇಜಾರಿಲ್ಲ."

"ಅರವತ್ತೂ ಕಳಿಸ್ರೀ," ಅಂಗಡಿಯವನು ಕುರ್ಚಿ ಕೆಳಗಿಟ್ಟ. "ತಮ್ಮ ನೋಡ್ಕೊಳ್ತಾನೆ. ಚಿನ್ನದಂಥ ಮನುಷ್ಯ."

ಟೀ ಲೋಟಗಳನ್ನು ಆರಿಸುತ್ತಿದ್ದ ಅಕ್ಕನ ಮಗಳು ನಿಂತಳು. ಮಾವನ ಮುಖವನ್ನೇ ನೋಡಿದಳು.

"ಎಷ್ಟು ಕಳಿಸ್ಲಿ?" ವ್ಯಾಪಾರಿ ಮತ್ತೆ ಕೇಳಿದ.

ಎರಡೂ ಕೈ ಎತ್ತಿ ಬೆರಳು ಬಿಡಿಸಿ ತೋರಿಸಿದ ತಮ್ಮ. ಉಗುರುಗಳ ಸಂದಿಯಲ್ಲಿ ಮಣ್ಣು ಕಪ್ಪಗೆ ಕೂತಿತ್ತು.

"ಹತ್ತಾ? ಬರೀ ಹತ್ತಾ?"

ಬೆಳಿಗ್ಗೆ ಅಕ್ಕ ಮರಿಗಳ ಮುಖ ನೋಡುತ್ತಿದ್ದ ಹಾಗೆ ತಮ್ಮ ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಒಂದು ಕೈಯನ್ನು ಕೆಳಗಿಳಿಸಿದ.